ದಿನಾಂಕ ಗಟ್ಟಿ, ಪಟ್ಟಿ ಸಡಿಲ: ಓಪನ್ ಸೋರ್ಸ್ ಪ್ರಾಜೆಕ್ಟಿನ ಮುಂದಿನ ರಿಲೀಸ್‌ಗಳನ್ನು ಯೋಜಿಸಿ ಬರೆದಿಡುವ ಬಗೆ

ಮುಂದಿನ ಆವೃತ್ತಿ ಯಾವಾಗ? ಅದರಲ್ಲಿ ಏನಿರುತ್ತದೆ? ಏನಿರುವುದಿಲ್ಲ? ಹೆಚ್ಚಿನ ಸಣ್ಣ ಓಪನ್ ಸೋರ್ಸ್ ಪ್ರಾಜೆಕ್ಟುಗಳಲ್ಲಿ ಈ ಮೂರಕ್ಕೂ ಉತ್ತರ ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ಆ ಒಬ್ಬರು ಕೆಲಸ ಬದಲಿಸಿದರೆ, ಮದುವೆಯಾದರೆ, ಅಥವಾ ಸುಮ್ನೆ ಬೇಜಾರಾದರೆ ಪ್ರಾಜೆಕ್ಟ್ ಅಲ್ಲಿಗೇ ನಿಲ್ಲುತ್ತದೆ. ಕೋಡ್ ಎಲ್ಲರಿಗೂ ತೆರೆದಿದೆ, ಯೋಜನೆ ಮಾತ್ರ ಬೀಗ ಹಾಕಿಕೊಂಡಿದೆ. ಆ ಬೀಗ ತೆಗೆಯುವ ಕೆಲಸವನ್ನು ಇಲ್ಲಿ ಹಂತ ಹಂತವಾಗಿ ನೋಡೋಣ.

ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಒಂದು ಕಲ್ಪನೆಯ ಪ್ರಾಜೆಕ್ಟ್ ಇಟ್ಟುಕೊಳ್ಳೋಣ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅಡಿಕೆ ಬೆಳೆಗಾರರು ತೋಟದ ಲೆಕ್ಕ ಬರೆಯುವ ಆಂಡ್ರಾಯ್ಡ್ ಆ್ಯಪ್. ಕೂಲಿ, ಗೊಬ್ಬರ, ಮದ್ದು, ಕೊಯ್ಲು, ಸೊಸೈಟಿಗೆ ಹಾಕಿದ ಚಾಲಿ (ಒಣಗಿಸಿ ಸುಲಿದ ಬಿಳಿ ಅಡಿಕೆ) ಎಷ್ಟು, ಕೆಂಪಡಿಕೆ (ಬೇಯಿಸಿ ಒಣಗಿಸಿದ್ದು) ಎಷ್ಟು, ಎಲ್ಲ ಅದರಲ್ಲಿ. ನೆಟ್ ಇಲ್ಲದಿದ್ದರೂ ನಡೆಯಬೇಕು. ಕನ್ನಡ, ಕೊಂಕಣಿ ಎರಡರಲ್ಲೂ ಇರಬೇಕು. ಕೆಲಸ ಮಾಡುವವರು ಐದು ಜನ. ಇಬ್ಬರು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾರೆ. ಒಬ್ಬರು ಊರಲ್ಲೇ ತೋಟ ನೋಡಿಕೊಂಡಿದ್ದಾರೆ. ಒಬ್ಬರು ಕಾರವಾರದಲ್ಲಿ ಓದುತ್ತಿದ್ದಾರೆ. ಹೊನ್ನಾವರದಲ್ಲಿರುವ ಇನ್ನೊಬ್ಬರು ಕೊಂಕಣಿ ಅನುವಾದ ನೋಡುತ್ತಾರೆ. ಯಾರಿಗೂ ಸಂಬಳ ಇಲ್ಲ.

ಹೆಜ್ಜೆ 1: ಮೊದಲು ಜನರ ವರ್ಷ ಬರೆಯಿರಿ

ಎಲ್ಲರೂ ಮೊದಲು ಬರೆಯುವುದು ಏನೇನು ಮಾಡಬೇಕು ಎಂಬ ಪಟ್ಟಿ. ಅದನ್ನು ಪಕ್ಕಕ್ಕಿಡಿ. ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆದು, ಬಳಸುವವರು ಯಾವಾಗ ಏನು ಮಾಡುತ್ತಾರೆ, ಕೆಲಸ ಮಾಡುವವರು ಯಾವಾಗ ಸಿಗುವುದಿಲ್ಲ ಅಂತ ತುಂಬಿ. ಯೋಜನೆಯ ಅರ್ಧ ಇಲ್ಲೇ ಮುಗಿಯುತ್ತದೆ.

ನಮ್ಮ ಅಡಿಕೆ ಆ್ಯಪಿಗೆ ಇದು ಹೀಗಿರುತ್ತದೆ. ಮೇ ಕೊನೆ, ಜೂನ್ ಮೊದಲು: ಮಳೆ ಹಿಡಿಯುವುದರೊಳಗೆ ಕೊಳೆ ರೋಗಕ್ಕೆ ಮದ್ದು ಹೊಡೆಯುವ ಗಡಿಬಿಡಿ. ಆ ಮದ್ದು ಬೋರ್ಡೋ ದ್ರಾವಣ. ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಆ್ಯಪಿನಲ್ಲಿ ಈ ಲೆಕ್ಕ ಮಾಡಿಕೊಡುವ ಭಾಗ ಇದ್ದರೆ ಅದು ಆ ಹೊತ್ತಿಗೆ ಮುಗಿದು, ಪರೀಕ್ಷೆಯಾಗಿ, ಜನರ ಫೋನಿನಲ್ಲಿ ಕೂತಿರಬೇಕು. ಜೂನ್ 15ಕ್ಕೆ ಬಿಟ್ಟರೆ ಯಾರಿಗೂ ಉಪಯೋಗ ಇಲ್ಲ.

ಜೂನ್‌ನಿಂದ ಆಗಸ್ಟ್: ಘಟ್ಟದ ಮೇಲಿನ ಮಳೆ. ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಟವರ್ ಕೂಡ ಅದರ ಜೊತೆಗೇ ಹೋಗುತ್ತದೆ. ಊರಲ್ಲಿರುವ ಡೆವಲಪರ್ ಈ ಮೂರು ತಿಂಗಳು ಅರ್ಧ ಲೆಕ್ಕ. ಸೆಪ್ಟೆಂಬರ್ ಹೊತ್ತಿಗೆ ಚೌತಿ. ಕರಾವಳಿಯ ಕಡೆಯವರನ್ನು ಆ ವಾರ ಕೇಳಲೇಬೇಡಿ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಕೊಯ್ಲು ಶುರು, ಜನವರಿ ಫೆಬ್ರವರಿ ತನಕ ಕೊನೆ (ಅಡಿಕೆ ಗೊನೆ) ಇಳಿಸುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಆ್ಯಪ್ ಅತಿ ಜಾಸ್ತಿ ಬಳಕೆಯಾಗುವುದೂ ಆಗಲೇ. ಕೂಲಿ ಲೆಕ್ಕದ ನಡುವೆ ಪರದೆಯ ಗುಂಡಿಗಳು ಜಾಗ ಬದಲಿಸಿದರೆ ಬೈಗುಳ ಖಂಡಿತ.

ಇದೇ ಐದು ಜನ ಕಾರವಾರ, ತದಡಿ, ಭಟ್ಕಳದ ಮೀನುಗಾರರಿಗೆ ಡೀಸೆಲ್ ಲೆಕ್ಕದ ಆ್ಯಪ್ ಮಾಡುತ್ತಿದ್ದರೆ ಹಾಳೆ ಪೂರ್ತಿ ತಿರುಗಿ ನಿಲ್ಲುತ್ತಿತ್ತು. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧ. ದೋಣಿ ದಡದಲ್ಲಿರುವಾಗಲೇ ಹೊಸ ಆವೃತ್ತಿ ಕೊಟ್ಟು ಕಲಿಸಬೇಕು. ಒಂದೇ ಜಿಲ್ಲೆ, ಒಂದೇ ತಂಡ. ಆದರೂ ರಿಲೀಸಿನ ತಿಂಗಳು ಬೇರೆ.

ಅಡಿಕೆಗೇ ಬರೋಣ. ಹಾಳೆ ನೋಡಿದರೆ ವರ್ಷದಲ್ಲಿ ಎರಡೇ ಕಿಂಡಿ ಕಾಣುತ್ತವೆ: ಏಪ್ರಿಲ್ ಕೊನೆ ಮತ್ತು ಸೆಪ್ಟೆಂಬರ್ ಕೊನೆ. ಸೆಪ್ಟೆಂಬರಿನ ಕೆಲಸವೆಲ್ಲ ಮಳೆಗಾಲದಲ್ಲಿ ಆಗಬೇಕಾದ್ದರಿಂದ ಅದು ಸಣ್ಣದಿರಲಿ. ದೊಡ್ಡ ಬದಲಾವಣೆ ಏಪ್ರಿಲ್‌ಗೆ.

ಈಗ ಪ್ರತಿಯೊಬ್ಬರೂ ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲರು ಅಂತ ಬರೆಸಿ. ಬಂದ ಸಂಖ್ಯೆಯನ್ನು ಅರ್ಧ ಮಾಡಿ. ಯಾರೂ ಸುಳ್ಳು ಹೇಳುವುದಿಲ್ಲ. ಆದರೆ ಉತ್ಸಾಹದಲ್ಲಿ ಹೇಳಿದ ಗಂಟೆಗಳಲ್ಲಿ ಇಶ್ಯೂಗಳಿಗೆ (ಬಳಸುವವರು ಬರೆದು ಹಾಕಿದ ದೂರು, ಬೇಡಿಕೆ) ಉತ್ತರ ಬರೆಯುವುದು, ಬೇರೆಯವರ ಕೋಡ್ ಓದುವುದು, ಬಿಲ್ಡ್ (ಕೋಡಿನಿಂದ ಆ್ಯಪ್ ಕಟ್ಟುವ ಕೆಲಸ) ಕೆಟ್ಟಾಗ ಸರಿ ಮಾಡುವುದು ಸೇರಿರುವುದಿಲ್ಲ, ಅಲ್ವಾ?

ಹೆಜ್ಜೆ 2: ದಿನಾಂಕ ಹಿಡಿಯುತ್ತೀರೋ, ಪಟ್ಟಿ ಹಿಡಿಯುತ್ತೀರೋ?

ಎರಡನ್ನೂ ಹಿಡಿಯಲು ಆಗುವುದಿಲ್ಲ. ಸಮಯ, ಕೆಲಸ ಎರಡೂ ಗಟ್ಟಿಯಾದರೆ ಮುರಿಯುವುದು ಜನ.

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಒಂದಾದ ಡೆಬಿಯನ್ ಹಳೆಯ ಕಾಲದಿಂದ ‘ಸಿದ್ಧವಾದಾಗ ಬಿಡುತ್ತೇವೆ’ ಎನ್ನುವ ಜಾತಿ. ಅದರ ವುಡಿ ಆವೃತ್ತಿ ಬಂದದ್ದು 2002ರ ಜುಲೈನಲ್ಲಿ, ಮುಂದಿನ ಸಾರ್ಜ್ ಬಂದದ್ದು 2005ರ ಜೂನ್‌ನಲ್ಲಿ. ಹೆಚ್ಚುಕಡಿಮೆ ಮೂರು ವರ್ಷ. ಡೆಬಿಯನ್ ಅಷ್ಟು ದೊಡ್ಡ ಸಮುದಾಯವಾದ್ದರಿಂದ ತಡೆದುಕೊಂಡಿತು. ಐದು ಜನರ ಪ್ರಾಜೆಕ್ಟ್ ಮೂರು ವರ್ಷ ರಿಲೀಸ್ ಇಲ್ಲದೆ ಕೂತರೆ ಎಲ್ಲರೂ ಅದು ಸತ್ತಿತು ಎಂದೇ ತಿಳಿಯುತ್ತಾರೆ.

ಇನ್ನೊಂದು ಬಗೆ ದಿನಾಂಕ ಹಿಡಿಯುವುದು. ಅಂಥದೇ ಇನ್ನೊಂದು ಸಿಸ್ಟಮ್ ಉಬುಂಟು 2004ರ ಅಕ್ಟೋಬರಿನಿಂದ ಆರು ತಿಂಗಳಿಗೊಮ್ಮೆ ಬರುತ್ತಿದೆ. ಲಿನಕ್ಸ್‌ನಲ್ಲಿ ಬಳಸುವ ನೋಮ್ ಡೆಸ್ಕ್‌ಟಾಪ್ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಬರುತ್ತದೆ. ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ಕೂಡ 3.9ರಿಂದೀಚೆಗೆ ಪ್ರತಿ ಅಕ್ಟೋಬರಿಗೆ ಒಂದು ಹೊಸ ಆವೃತ್ತಿ ಎಂಬ ಪದ್ಧತಿಗೆ ಬಂತು.

ಶಿರಸಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯ ದಿನ ಮೊದಲೇ ಗೊತ್ತುಮಾಡಿ ಸಾರುತ್ತಾರೆ. ಯಾವುದೋ ಅಂಗಡಿಯ ಚಪ್ಪರ ಮುಗಿದಿಲ್ಲ ಅಂತ ರಥ ನಿಲ್ಲುವುದಿಲ್ಲ. ಅಂಗಡಿಯವನು ತಯಾರಾಗಿದ್ದರೆ ಆ ಜಾತ್ರೆಗೆ, ಇಲ್ಲದಿದ್ದರೆ ಮುಂದಿನದಕ್ಕೆ.

ನನ್ನ ಅಭಿಪ್ರಾಯ ನೇರ: ಸಂಬಳ ಇಲ್ಲದ ಸಣ್ಣ ತಂಡ ದಿನಾಂಕವನ್ನೇ ಹಿಡಿಯಬೇಕು. ಮುಗಿದದ್ದು ಹೋಗುತ್ತದೆ, ಮುಗಿಯದ್ದು ಮುಂದಿನ ಸಲಕ್ಕೆ. ಮುಂದಿನ ಸಲ ಯಾವಾಗ ಅಂತ ಎಲ್ಲರಿಗೂ ಗೊತ್ತಿರುವುದರಿಂದ ಅರೆಬೆಂದ ಕೋಡನ್ನು ಕೊನೆಯ ರಾತ್ರಿ ತುರುಕುವ ಆಸೆಯೂ ಕಡಿಮೆಯಾಗುತ್ತದೆ. ಒಂದೇ ಒಂದು ಕಡೆ ವಿನಾಯಿತಿ ಕೊಡುತ್ತೇನೆ. ಮೊದಲ 1.0 ಆವೃತ್ತಿಗೆ ದಿನಾಂಕ ಬೇಡ. ಅದು ನಂಬಿಕೆಯ ಪ್ರಶ್ನೆ, ಸಿದ್ಧವಾದಾಗಲೇ ಬರಲಿ.

ಹೆಜ್ಜೆ 3: ಸಂಖ್ಯೆಗೆ ಒಂದು ಅರ್ಥ ಕೊಡಿ

ಸೆಮ್ಯಾಂಟಿಕ್ ವರ್ಷನಿಂಗ್ ಎಂಬ ಪದ್ಧತಿ ಹೆಚ್ಚಿನವರಿಗೆ ಗೊತ್ತು. 2.3.1 ಎಂದರೆ ಮೊದಲ ಅಂಕಿ ಹಳೆಯದರ ಜೊತೆ ಹೊಂದದ ಬದಲಾವಣೆಗೆ, ಎರಡನೆಯದು ಹೊಂದುವ ಹೊಸ ಸೌಲಭ್ಯಕ್ಕೆ, ಮೂರನೆಯದು ಬರೀ ದೋಷ ತಿದ್ದಿದ್ದಕ್ಕೆ. 0ಯಿಂದ ಶುರುವಾದರೆ ಯಾವಾಗ ಏನು ಬೇಕಾದರೂ ಬದಲಾಗಬಹುದು ಎಂಬ ಎಚ್ಚರಿಕೆ.

ಈ ಪದ್ಧತಿ ಹುಟ್ಟಿದ್ದು ಬೇರೆ ಪ್ರೋಗ್ರಾಮರುಗಳು ಬಳಸುವ ಲೈಬ್ರರಿಗಳಿಗಾಗಿ, ಅಂದರೆ ಸಿದ್ಧ ಕೋಡಿನ ಕಟ್ಟುಗಳಿಗಾಗಿ. ಆ್ಯಪ್‌ನಲ್ಲಿ ‘ಹೊಂದದ ಬದಲಾವಣೆ’ ಅಂದರೆ ಏನು ಅಂತ ನೀವೇ ತೀರ್ಮಾನಿಸಿ ಬರೆದಿಡಬೇಕು. ತೋಟದ ಆ್ಯಪಿಗೆ ನಾನು ಹೀಗೆ ಬರೆಯುತ್ತೇನೆ: ಹಳೆಯ ಬ್ಯಾಕಪ್ ಫೈಲನ್ನು ಹೊಸ ಆವೃತ್ತಿ ಓದಲಾರದು ಅಥವಾ ಹೊರಗೆ ಕಳಿಸುವ ಎಕ್ಸೆಲ್ ಹಾಳೆಯ ಕಾಲಂಗಳು ಬದಲಾಗಿವೆ ಅಂದರೆ ಮೊದಲ ಅಂಕಿ ಏರಬೇಕು. ಬಣ್ಣ, ಗುಂಡಿ, ಹೊಸ ಪರದೆ ಇವಕ್ಕೆಲ್ಲ ಎರಡನೆಯ ಅಂಕಿ ಸಾಕು. ಬೆಳೆಗಾರನಿಗೆ ಮುಖ್ಯವಾದದ್ದು ಅವನ ಹಳೆಯ ಲೆಕ್ಕ.

ಉಬುಂಟು ತರಹ ವರ್ಷ, ತಿಂಗಳನ್ನೇ ಸಂಖ್ಯೆ ಮಾಡಬಹುದು. 24.04 ಅಂದರೆ 2024ರ ಏಪ್ರಿಲ್. ದಿನಾಂಕ ಹಿಡಿದ ಪ್ರಾಜೆಕ್ಟಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಲಿಬ್ರೆಆಫೀಸ್ ಎಂಬ ಆಫೀಸ್ ತಂತ್ರಾಂಶ ಕೂಡ 7.6 ಆದ ಮೇಲೆ 2024ರಲ್ಲಿ 24.2ಕ್ಕೆ ಹಾರಿತು. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಂತೂ ಮೊದಲ ಅಂಕಿಗೆ ವಿಶೇಷ ಅರ್ಥವೇ ಇಲ್ಲ. 4.20 ಆದ ಮೇಲೆ 5.0, 5.19 ಆದ ಮೇಲೆ 6.0, ಅಷ್ಟೇ. ಯಾವುದಾದರೂ ಸರಿ. ಆರಿಸಿದ್ದನ್ನು ಬರೆಯಿರಿ, ಮತ್ತೆ ಮತ್ತೆ ಬದಲಿಸಬೇಡಿ.

ಹೆಜ್ಜೆ 4: ರೋಡ್‌ಮ್ಯಾಪ್ ಫೈಲ್

ಮುಂದಿನ ರಿಲೀಸ್‌ಗಳ ಯೋಜನೆ ಬರೆದಿಡುವ ಈ ಫೈಲ್ ಎಲ್ಲಿರಬೇಕು? ಕೋಡಿನ ಜೊತೆಗೇ, ಅದೇ ರೆಪಾಸಿಟರಿಯಲ್ಲಿ (ಕೋಡ್ ಇಡುವ ಕಣಜ), ಪ್ರಾಜೆಕ್ಟಿನ ಪರಿಚಯ ಇರುವ ರೀಡ್‌ಮಿ ಫೈಲಿನ ಪಕ್ಕದಲ್ಲಿ. ಯಾರದೋ ಡ್ರೈವ್‌ನ ಹಾಳೆ ಬೇಡ, ವಾಟ್ಸಾಪ್ ಗುಂಪಿನ ಪಿನ್ ಮಾಡಿದ ಮೆಸೇಜಂತೂ ಬೇಡವೇ ಬೇಡ. ರೆಪಾಸಿಟರಿಯಲ್ಲಿದ್ದರೆ ಯಾರು ಯಾವಾಗ ಏನು ತಿದ್ದಿದರು ಎಂಬ ಚರಿತ್ರೆ ಗಿಟ್‌ನಲ್ಲೇ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಉಳಿಯುತ್ತದೆ. ಹೊಸಬರೊಬ್ಬರು ಯೋಜನೆ ಬದಲಿಸಬೇಕೆಂದರೆ ಕೋಡ್ ಬದಲಿಸುವ ಹಾಗೆಯೇ ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಬಹುದು, ಅದರ ಮೇಲೆ ಚರ್ಚೆ ಮಾಡಬಹುದು.

ಒಳಗೆ ಏನಿರಬೇಕು ಅನ್ನುವುದಕ್ಕೆ ಮಾದರಿ:

ಕೊನೆಯ ಸಲ ತಿದ್ದಿದ್ದು: 2026-01-10
ಈ ಸಲದ ರಿಲೀಸ್ ಹೊಣೆ: (ಒಬ್ಬರ ಹೆಸರು), ಅವರು ಸಿಗದಿದ್ದರೆ (ಇನ್ನೊಬ್ಬರ ಹೆಸರು)

ಆವೃತ್ತಿ 2.3, 25 ಏಪ್ರಿಲ್ 2026, ಶನಿವಾರ
ಯಾತಕ್ಕೆ: ಮಳೆಗೆ ಮೊದಲು ಮದ್ದಿನ ಲೆಕ್ಕ ಸರಿಯಾಗಿ ಎಲ್ಲರ ಫೋನಿನಲ್ಲಿರಬೇಕು.
ಖಚಿತ: ಬೋರ್ಡೋ ಲೆಕ್ಕದ ಪರದೆ. ಬ್ಯಾಕಪ್ ಫೈಲಿಗೆ ಪಾಸ್‌ವರ್ಡ್.
ಆದರೆ ಒಳ್ಳೆಯದು: ಕೂಲಿಯವರ ಹಾಜರಿಯನ್ನು ವಾರದ ಹಾಳೆಯಾಗಿ ನೋಡುವುದು.
ಈ ಸಲ ಇಲ್ಲ: ದಿನದ ಅಡಿಕೆ ದರ ತಾನಾಗಿ ಬರುವುದು. ಐಫೋನ್ ಆವೃತ್ತಿ.

ಆವೃತ್ತಿ 2.4, 26 ಸೆಪ್ಟೆಂಬರ್ 2026, ಶನಿವಾರ
ಯಾತಕ್ಕೆ: ಕೊಯ್ಲಿಗೆ ಮೊದಲು ಕೂಲಿ ಲೆಕ್ಕದ ದೋಷಗಳನ್ನು ತಿದ್ದುವುದು. ಹೊಸದೇನೂ ಇಲ್ಲ.

ಆಮೇಲೆ (ದಿನಾಂಕ ಇಲ್ಲ): ಕಾಳುಮೆಣಸು, ಏಲಕ್ಕಿ ಲೆಕ್ಕ. ಎರಡು ಫೋನುಗಳ ನಡುವೆ ಸಿಂಕ್.

ಇದರಲ್ಲಿ ಕೆಲವು ವಿಷಯ ಗಮನಿಸಿ. ‘ಯಾತಕ್ಕೆ’ ಎಂಬ ಒಂದು ಸಾಲು ಪ್ರತಿ ಆವೃತ್ತಿಗೂ ಇದೆ. ಏಪ್ರಿಲ್ ಹತ್ತಿರ ಬಂದು ಏನಾದರೂ ಕೈಬಿಡಬೇಕಾದಾಗ ಜಗಳ ತೀರಿಸುವುದು ಈ ಸಾಲೇ. ಪಾಸ್‌ವರ್ಡ್ ಬಿಟ್ಟರೂ ನಡೆಯುತ್ತದೆ, ಮದ್ದಿನ ಲೆಕ್ಕ ಬಿಟ್ಟರೆ ಈ ರಿಲೀಸಿಗೇ ಅರ್ಥ ಇಲ್ಲ.

‘ಖಚಿತ’ದಲ್ಲಿ ಎರಡೇ ಸಂಗತಿ. ಈಗಾಗಲೇ ಯಾರಾದರೂ ಕೈ ಹಚ್ಚಿದ್ದು ಮಾತ್ರ ಅಲ್ಲಿಗೆ ಬರಬೇಕು. ಹೆಸರಿಲ್ಲದ ಕೆಲಸ ‘ಆದರೆ ಒಳ್ಳೆಯದು’ ಅನ್ನುವ ಕಡೆಗೆ ಹೋಗಲಿ. ಅದಕ್ಕೆ ‘ಇದನ್ನು ಯಾರಾದರೂ ತೆಗೆದುಕೊಳ್ಳಬಹುದು’ ಅಂತ ಗುರುತು ಹಾಕಿದರೆ ಹೊಸಬರಿಗೂ ದಾರಿ ಕಾಣುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಬೆಲೆಬಾಳುವ ಭಾಗ ‘ಈ ಸಲ ಇಲ್ಲ’. ಅಡಿಕೆ ದರ ತಾನಾಗಿ ಬರಲಿ ಅಂತ ಪ್ರತಿ ಬಳಕೆದಾರನೂ ಕೇಳಿಯೇ ಕೇಳುತ್ತಾನೆ. ಉತ್ತರ ಬರೆದಿಟ್ಟಿದ್ದರೆ ಕೊಂಡಿ ಕೊಟ್ಟರೆ ಆಯಿತು. ಯಾಕೆ ಇಲ್ಲ ಅಂತ ಅರ್ಧ ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು: ‘ದರವನ್ನು ನಂಬುವಂತೆ ಕೊಡುವ, ಬಳಸಲು ಅನುಮತಿ ಇರುವ ಮೂಲ ಸಿಗುವ ತನಕ ಇಲ್ಲ.’ ಇಲ್ಲ ಅನ್ನಲು ನಮ್ಮ ಕಡೆಯವರಿಗೆ ಸಂಕೋಚ. ‘ನೋಡುವಾ’ ಅಂದುಬಿಡುತ್ತೇವೆ. ಆ ‘ನೋಡುವಾ’ ಎರಡು ವರ್ಷ ಇಶ್ಯೂ ಪಟ್ಟಿಯಲ್ಲಿ ಕೂತು ಕೊಳೆಯುತ್ತದೆ.

ದೂರದ ಆವೃತ್ತಿಗೆ ದಿನಾಂಕ ಕೊಡಬೇಡಿ. ಹತ್ತಿರದ ಎರಡು ರಿಲೀಸಿಗೆ ದಿನಾಂಕ ಸಾಕು. ಅದರಾಚೆ ಬರೀ ದಿಕ್ಕು. 2028ರ ಪಟ್ಟಿ ಬರೆಯುವ ಐದು ಜನರ ತಂಡವನ್ನು ನಾನು ನಂಬುವುದಿಲ್ಲ.

ಮೈಲ್‌ಸ್ಟೋನ್ ವಿಷಯ ಚಿಕ್ಕದಾಗಿ: ಕೋಡ್ ಇಡುವ ತಾಣಗಳಾದ ಗಿಟ್‌ಹಬ್, ಗಿಟ್‌ಲ್ಯಾಬ್ ಎರಡರಲ್ಲೂ ಆವೃತ್ತಿಗೊಂದು ಮೈಲ್‌ಸ್ಟೋನ್ ತೆರೆದು, ಕೊನೆಯ ದಿನ ಹಾಕಿ, ಇಶ್ಯೂಗಳನ್ನು ಅದಕ್ಕೆ ಸೇರಿಸಬಹುದು. ರೋಡ್‌ಮ್ಯಾಪ್ ಹೇಳುವುದು ಯಾತಕ್ಕೆ ಅಂತ, ಮೈಲ್‌ಸ್ಟೋನ್ ಹೇಳುವುದು ಎಷ್ಟು ಉಳಿದಿದೆ ಅಂತ. ಒಂದೇ ಪಟ್ಟಿಯನ್ನು ಎರಡೂ ಕಡೆ ನಕಲು ಮಾಡಬೇಡಿ. ಒಂದು ಹಳತಾಗುವುದು ಖಂಡಿತ.

ಹೆಜ್ಜೆ 5: ದೊಡ್ಡ ಬದಲಾವಣೆಗೆ ಒಂದು ಪುಟ

ಪೈಥಾನ್‌ನಲ್ಲಿ 2000ದಿಂದ ಪೆಪ್ ಎಂಬ ಬದಲಾವಣೆಯ ಪ್ರಸ್ತಾವಗಳಿವೆ, ರಸ್ಟ್ ಭಾಷೆಯಲ್ಲಿ ಅಂಥವೇ ಆರ್‌ಎಫ್‌ಸಿಗಳಿವೆ. ನಮಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ಡೇಟಾ ಮುಟ್ಟುವ, ಹಳೆಯದನ್ನು ತೆಗೆದುಹಾಕುವ, ಅಥವಾ ಆ್ಯಪಿನ ಗಾತ್ರ ಏರಿಸುವ ಬದಲಾವಣೆಗೆ ಮಾತ್ರ ಒಂದು ಪುಟ ಬರೆದರೆ ಸಾಕು. ತೊಂದರೆ ಏನು, ಏನು ಮಾಡಬೇಕೆಂದಿದ್ದೇವೆ, ಬೇರೆ ಯಾವ ದಾರಿ ಯೋಚಿಸಿ ಬಿಟ್ಟೆವು, ಯಾರಿಗೆ ಏನು ಕೆಡಬಹುದು, ಯಾರು ಮಾಡುತ್ತಾರೆ.

ನಮ್ಮ ಜಿಲ್ಲೆಗೇ ಒಪ್ಪುವ ಒಂದು ಉದಾಹರಣೆ ಇದೆ. 2022ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ (ಕಂಪ್ಯೂಟರಿನಲ್ಲಿ ಲಿಪಿಗಳ ಅಕ್ಷರಗಳಿಗೆ ಇರುವ ಸಂಕೇತಗಳ ಪಟ್ಟಿ) 15.0ರಲ್ಲಿ ಕನ್ನಡ ಲಿಪಿಗೆ ಹೊಸ ಚಿಹ್ನೆಯೊಂದು ಸೇರಿತು. ಅಕ್ಷರದ ಬಲ ಮೇಲ್ಭಾಗದಲ್ಲಿ ಕೂರುವ ಅನುಸ್ವಾರ ಅದು. ಕನ್ನಡ ಲಿಪಿಯಲ್ಲಿ ಕೊಂಕಣಿ, ಹವ್ಯಕ ಕನ್ನಡ, ಅವಧಿ ಭಾಷೆಗಳನ್ನು ಬರೆಯುವಾಗ ಬೇಕಾಗುತ್ತದೆ. ಹೊನ್ನಾವರದ ನಮ್ಮ ಅನುವಾದಕರಿಗೆ ಇದನ್ನು ಬಳಸುವ ಆಸೆ ಅಂತ ಇಟ್ಟುಕೊಳ್ಳಿ. ನ್ಯಾಯವಾದ ಆಸೆ. ಆದರೆ ಫೋನಿನ ಫಾಂಟ್‌ನಲ್ಲಿ ಆ ಚಿಹ್ನೆ ಇಲ್ಲದಿದ್ದರೆ ಅಲ್ಲಿ ಖಾಲಿ ಚೌಕ ಕಾಣುತ್ತದೆ. ಹಳ್ಳಿಯಲ್ಲಿ ಹಳೆಯ ಫೋನುಗಳೇ ಜಾಸ್ತಿ. ಆ್ಯಪಿನ ಒಳಗೇ ಫಾಂಟ್ ಇಟ್ಟು ಕಳಿಸಿದರೆ ಈ ತೊಂದರೆ ತಪ್ಪುತ್ತದೆ, ಆದರೆ ಗಾತ್ರ ಏರುತ್ತದೆ. ಮಳೆಗಾಲದ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಡೌನ್‌ಲೋಡ್ ಮಾಡುವವರಿಗೆ ಅದೂ ಕಷ್ಟ.

ಇಂಥದ್ದು ಚಾಟ್‌ನಲ್ಲಿ ತೀರ್ಮಾನವಾಗುವುದಿಲ್ಲ. ಒಂದು ಪುಟ ಬರೆದು, ಎರಡು ವಾರ ಎಲ್ಲರಿಗೂ ಓದಲು ಬಿಟ್ಟು, ಕೊನೆಗೆ ತೀರ್ಮಾನವನ್ನೂ ಅದೇ ಪುಟದ ಕೆಳಗೆ ಬರೆಯಿರಿ. ತಿರಸ್ಕಾರವಾದರೂ ಪುಟ ಅಳಿಸಬೇಡಿ. ಎರಡು ವರ್ಷ ಬಿಟ್ಟು ಇನ್ನೊಬ್ಬರು ಅದೇ ಪ್ರಶ್ನೆ ತಂದಾಗ ಫೋನುಗಳು ಬದಲಾಗಿರುತ್ತವೆ, ಆಗ ಅದೇ ಪುಟದಿಂದ ಶುರು ಮಾಡಬಹುದು.

ಹೆಜ್ಜೆ 6: ಹಿಂದಕ್ಕೆ ಎಣಿಸಿ, ಫ್ರೀಜ್ ದಿನಗಳನ್ನು ಹಾಕಿ

ರಿಲೀಸ್ ದಿನದಿಂದ ಹಿಂದಕ್ಕೆ ಬನ್ನಿ. 25 ಏಪ್ರಿಲ್ ರಿಲೀಸ್ ಆದರೆ:

14 ಮಾರ್ಚ್, ಆರು ವಾರ ಮೊದಲು: ಫೀಚರ್ ಫ್ರೀಜ್. ಹೊಸ ಸೌಲಭ್ಯ ಇನ್ನು ಸೇರುವುದಿಲ್ಲ.
28 ಮಾರ್ಚ್, ನಾಲ್ಕು ವಾರ ಮೊದಲು: ಸ್ಟ್ರಿಂಗ್ ಫ್ರೀಜ್. ಪರದೆಯ ಮೇಲಿನ ಮಾತು ಬದಲಾಗುವುದಿಲ್ಲ.
11 ಏಪ್ರಿಲ್: ಮೊದಲ ರಿಲೀಸ್ ಕ್ಯಾಂಡಿಡೇಟ್ (ಆರ್‌ಸಿ, ಅಂತಿಮಕ್ಕೆ ಮೊದಲು ಪರೀಕ್ಷೆಗೆ ಬಿಡುವ ಆವೃತ್ತಿ), 2.3.0-ಆರ್‌ಸಿ1.
18 ಏಪ್ರಿಲ್: ಡೇಟಾ ಕೆಡಿಸುವ ಅಥವಾ ಆ್ಯಪ್ ಬೀಳಿಸುವ ದೋಷ ಬಿಟ್ಟು ಬೇರೇನೂ ಮುಟ್ಟುವಂತಿಲ್ಲ.

2026 ಮಾರಿಕಾಂಬಾ ಜಾತ್ರೆಯ ವರ್ಷ ಬೇರೆ. ಅಂಥ ವರ್ಷ ಫೀಚರ್ ಫ್ರೀಜ್‌ಗೆ ಮುಂಚಿನ ವಾರಗಳಲ್ಲಿ ಶಿರಸಿಯವರಿಂದ ಜಾಸ್ತಿ ನಿರೀಕ್ಷಿಸಬೇಡಿ.

ಲಿನಕ್ಸ್ ಕರ್ನಲ್ ಕೂಡ ಹೀಗೇ ನಡೆಯುತ್ತದೆ. ಎರಡು ವಾರ ಮಾತ್ರ ಹೊಸ ಕೋಡ್ ಸೇರಿಸುವ ಕಿಂಡಿ ತೆರೆದಿರುತ್ತದೆ. ಆಮೇಲೆ ವಾರಕ್ಕೊಂದು ಆರ್‌ಸಿ, ಸಾಮಾನ್ಯವಾಗಿ ಏಳು ಅಥವಾ ಎಂಟು ಆದ ಮೇಲೆ ಅಂತಿಮ ಆವೃತ್ತಿ. ಸೇರಿಸುವ ಸಮಯಕ್ಕಿಂತ ತಿದ್ದುವ ಸಮಯ ಎಷ್ಟು ಜಾಸ್ತಿ ನೋಡಿ.

ಸ್ಟ್ರಿಂಗ್ ಫ್ರೀಜ್ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಕನ್ನಡದ ಪ್ರಾಜೆಕ್ಟುಗಳಲ್ಲಿ ಇದನ್ನೇ ಮರೆಯುವುದು. ಡೆವಲಪರ್ ಕೊನೆಯ ದಿನ ಒಂದು ಗುಂಡಿಯ ಮೇಲಿನ ಪದ ತಿದ್ದುತ್ತಾರೆ. ಅವರಿಗೆ ಅದು ಅರ್ಧ ನಿಮಿಷದ ಕೆಲಸ. ಅನುವಾದಕರ ಆ ಸಾಲು ಹಳತಾಗಿಬಿಡುತ್ತದೆ. ರಿಲೀಸ್ ಆದಾಗ ಕೊಂಕಣಿ ಪರದೆಯ ನಡುವೆ ಇಂಗ್ಲಿಷ್ ಗುಂಡಿ ಕಾಣುತ್ತದೆ. ಬೈಸಿಕೊಳ್ಳುವವರು ಅನುವಾದಕರು. ನೋಮ್‌ನಲ್ಲಿ ಸ್ಟ್ರಿಂಗ್ ಫ್ರೀಜ್ ಆದ ಮೇಲೆ ಮಾತು ಬದಲಿಸಬೇಕಾದರೆ ಅನುವಾದ ತಂಡದ ಒಪ್ಪಿಗೆ ಕೇಳಬೇಕು. ಆ ನಿಯಮವನ್ನು ಹಾಗೇ ತಂದುಕೊಳ್ಳಿ. ಜೊತೆಗೆ, ಪ್ರತಿ ಸಾಲಿಗೂ ಅದು ಯಾವ ಪರದೆಯಲ್ಲಿ, ಗುಂಡಿಯೋ ಶೀರ್ಷಿಕೆಯೋ, ಎಷ್ಟು ಜಾಗ ಇದೆ ಅಂತ ಟಿಪ್ಪಣಿ ಬರೆಯಿರಿ. ವೆಬ್‌ಲೇಟ್ ತರಹದ ಅನುವಾದ ಸಾಧನಗಳಲ್ಲಿ ಆ ಟಿಪ್ಪಣಿ ಅನುವಾದಕರ ಕಣ್ಣೆದುರೇ ಕಾಣುತ್ತದೆ.

ಹೆಜ್ಜೆ 7: ಚೇಂಜ್‌ಲಾಗ್ ಇವತ್ತೇ ಬರೆಯಿರಿ

ರಿಲೀಸಿನ ಹಿಂದಿನ ರಾತ್ರಿ ಆರು ತಿಂಗಳ ಕಮಿಟ್‌ಗಳನ್ನು (ಗಿಟ್‌ನಲ್ಲಿ ದಾಖಲಾದ ಬದಲಾವಣೆಗಳು) ಕೆದಕಿ ಚೇಂಜ್‌ಲಾಗ್ (ಏನೇನು ಬದಲಾಯಿತು ಎಂಬ ಪಟ್ಟಿ) ಬರೆಯುವುದು ಶಿಕ್ಷೆ. ಕೀಪ್ ಎ ಚೇಂಜ್‌ಲಾಗ್ ಎಂಬ ಪದ್ಧತಿಯಲ್ಲಿ ಇದಕ್ಕೆ ಸುಲಭ ದಾರಿ ಇದೆ. ಫೈಲಿನ ಮೇಲ್ತುದಿಯಲ್ಲಿ ‘ಇನ್ನೂ ಬಿಡದ್ದು’ ಎಂಬ ಭಾಗ ಸದಾ ಇರುತ್ತದೆ. ಬಳಕೆದಾರರಿಗೆ ತಟ್ಟುವ ಪ್ರತಿ ಬದಲಾವಣೆಯ ಜೊತೆಗೇ ಅಲ್ಲಿ ಒಂದು ಸಾಲು ಸೇರಬೇಕು. ಸಾಲಿಲ್ಲದ ಪುಲ್ ರಿಕ್ವೆಸ್ಟನ್ನು ಒಳಗೆ ಬಿಡಬೇಡಿ. ರಿಲೀಸ್ ದಿನ ಆ ಭಾಗದ ಹೆಸರು ಬದಲಿಸಿ ದಿನಾಂಕ ಹಾಕಿದರೆ ಕೆಲಸ ಮುಗಿಯಿತು.

ಆ ಪದ್ಧತಿಯಲ್ಲಿ ಆರು ತಲೆಬರಹಗಳಿವೆ. ಕನ್ನಡದಲ್ಲಿ ನಾನು ಹೀಗೆ ಬರೆಯುತ್ತೇನೆ: ಸೇರಿದ್ದು, ಬದಲಾದದ್ದು, ಮುಂದೆ ತೆಗೆಯಲಿರುವುದು, ತೆಗೆದದ್ದು, ಸರಿಪಡಿಸಿದ್ದು, ಭದ್ರತೆ. ದಿನಾಂಕ 2026-04-25 ಎಂಬ ರೀತಿಯಲ್ಲಿರಲಿ, ದಿನ ಯಾವುದು ತಿಂಗಳು ಯಾವುದು ಎಂಬ ಗೊಂದಲ ಬರುವುದಿಲ್ಲ.

ಸಾಲು ಬರೆಯುವ ಬಗೆ ನೋಡಿ. ‘ಲೆಕ್ಕದ ಮಾಡ್ಯೂಲ್‌ನ ದೋಷ ನಿವಾರಿಸಲಾಗಿದೆ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಅರ್ಧ ದಿನದ ಕೂಲಿ ಹಾಕಿದಾಗ ವಾರದ ಒಟ್ಟು ಮೊತ್ತ ತಪ್ಪು ಬರುತ್ತಿತ್ತು. ಈಗ ಸರಿಯಾಗಿದೆ. ಹಳೆಯ ವಾರಗಳ ಮೊತ್ತ ಆ್ಯಪ್ ತೆರೆದಾಗ ತಾನಾಗಿ ಸರಿಹೋಗುತ್ತದೆ.’ ಏನಾಗುತ್ತಿತ್ತು, ಈಗೇನು, ನಾನೇನು ಮಾಡಬೇಕು. ಈ ಮೂರು ಇದ್ದರೆ ಸಾಕು.

ರಿಲೀಸ್ ನೋಟ್ಸ್ ಬೇರೆ ವಸ್ತು. ಚೇಂಜ್‌ಲಾಗ್ ಪೂರ್ತಿ ದಾಖಲೆ, ನೋಟ್ಸ್ ಬೆಳೆಗಾರನಿಗೆ ನಾಲ್ಕು ಮಾತು. ಪ್ಲೇ ಸ್ಟೋರ್‌ನಲ್ಲಿ ಇದಕ್ಕೆ ಪ್ರತಿ ಭಾಷೆಗೂ 500 ಯೂನಿಕೋಡ್ ಅಕ್ಷರಗಳ ಮಿತಿ. ಇಲ್ಲಿ ಕನ್ನಡದವರಿಗೆ ಒಂದು ಪೇಚು: ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ‘ಕ್ಷಿ’ ಒಂದೇ ಅಕ್ಷರವಾಗಿ ಕಂಡರೂ ಎಣಿಕೆಯಲ್ಲಿ ನಾಲ್ಕು. 500 ಅಂದುಕೊಂಡದ್ದು ಬೇಗ ಖಾಲಿಯಾಗುತ್ತದೆ. ನೋಟ್ಸನ್ನೂ ಸ್ಟ್ರಿಂಗ್ ಫ್ರೀಜ್ ವಾರದಲ್ಲೇ ಬರೆದು ಅನುವಾದಕ್ಕೆ ಕೊಡಿ.

ಹೆಜ್ಜೆ 8: ತೆಗೆಯುವುದನ್ನು ಮೊದಲೇ ಸಾರಿ

ಪೈಥಾನ್ 2ಕ್ಕೆ ಬೆಂಬಲ 2015ಕ್ಕೆ ನಿಲ್ಲಬೇಕಿತ್ತು. ಜನ ತಯಾರಾಗಿರಲಿಲ್ಲ, 2020ರ ಜನವರಿ 1ಕ್ಕೆ ಮುಂದೂಡಿದರು. ಅಷ್ಟು ದೊಡ್ಡ ಭಾಷೆಗೇ ಅಷ್ಟು ಕಾಲ ಬೇಕಾಯಿತು.

ನಮ್ಮ ಆ್ಯಪಿಗೆ ಒಂದು ಸರಳ ನಿಯಮ: ಯಾವುದನ್ನೇ ತೆಗೆಯುವ ಮೊದಲು ಒಂದು ಪೂರ್ತಿ ಕೊಯ್ಲು ದಾಟಬೇಕು. 2.3ರಲ್ಲಿ ‘ಹಳೆಯ ಬ್ಯಾಕಪ್ ರೂಪವನ್ನು 3.0ರಲ್ಲಿ ತೆಗೆಯುತ್ತೇವೆ’ ಅಂತ ಚೇಂಜ್‌ಲಾಗ್‌ನಲ್ಲೂ ಪರದೆಯಲ್ಲೂ ಹೇಳಿದರೆ, 3.0 ಬರುವುದು ಬೇಗವೆಂದರೆ ಮರುವರ್ಷದ ಏಪ್ರಿಲ್‌ಗೆ. ವರ್ಷಕ್ಕೊಮ್ಮೆ ಮಾತ್ರ ಆ್ಯಪ್ ತೆರೆಯುವವರು ಇರುತ್ತಾರೆ. ಅವರಿಗೂ ಎಚ್ಚರಿಕೆ ಒಮ್ಮೆಯಾದರೂ ಕಾಣಬೇಕು.

ಹೆಜ್ಜೆ 9: ರಿಲೀಸ್ ದಿನದ ಹಾಳೆ

ಇದನ್ನೂ ರೆಪಾಸಿಟರಿಯಲ್ಲಿ ಒಂದು ಫೈಲಾಗಿ ಇಡಿ. ಹಿಂದೆಂದೂ ರಿಲೀಸ್ ಮಾಡದವರು ಅದನ್ನು ಓದಿಕೊಂಡೇ ಮಾಡುವಂತಿರಬೇಕು. ಹೊಣೆಯನ್ನು ಪ್ರತಿ ಸಲ ಬೇರೆಯವರಿಗೆ ಕೊಟ್ಟರೆ ಹಾಳೆಯ ತೂತುಗಳೆಲ್ಲ ತಾವಾಗಿ ಹೊರಬೀಳುತ್ತವೆ.

ಕ್ರಮ ಸುಮಾರು ಹೀಗೆ. ಹಿಂದಿನ ಆವೃತ್ತಿಯನ್ನು ಹಳೆಯ ಫೋನೊಂದರಲ್ಲಿ ಹಾಕಿ, ಒಂದು ವರ್ಷದ ನಕಲಿ ಲೆಕ್ಕ ತುಂಬಿ, ಅದರ ಮೇಲೆ ಹೊಸದನ್ನು ಹಾಕಿ ನೋಡಿ. ಇದನ್ನು ಬಿಟ್ಟರೆ ಉಳಿದ ಪರೀಕ್ಷೆಗೆಲ್ಲ ಅರ್ಥ ಇಲ್ಲ. ಆಮೇಲೆ ಆವೃತ್ತಿ ಹೆಸರು, ಆಂಡ್ರಾಯ್ಡಿನ ಒಳಗಿನ ವರ್ಷನ್ ಕೋಡ್ ಎರಡನ್ನೂ ಏರಿಸಿ. ಚೇಂಜ್‌ಲಾಗ್‌ಗೆ ದಿನಾಂಕ ಹಾಕಿ. ಗಿಟ್‌ನಲ್ಲಿ ಈ ಆವೃತ್ತಿಯ ಗುರುತಾಗಿ ವಿವರಣೆ ಇರುವ ಟ್ಯಾಗ್ ಹಾಕಿ, ಸಾಧ್ಯವಾದರೆ ಸಹಿ ಮಾಡಿ. ಒಮ್ಮೆ ಹೊರಗೆ ಹೋದ ಟ್ಯಾಗನ್ನು ಸರಿಸಬೇಡಿ. ತಪ್ಪಾಗಿದ್ದರೆ 2.3.1 ಬಿಡಿ.

ಓಪನ್ ಸೋರ್ಸ್ ಆ್ಯಪ್‌ಗಳ ಅಂಗಡಿಯಾದ ಎಫ್-ಡ್ರಾಯ್ಡ್‌ನಲ್ಲೂ ಇದ್ದರೆ ನೆನಪಿಡಿ: ಅವರು ನಿಮ್ಮ ಮೂಲ ಕೋಡಿನಿಂದ ತಾವೇ ಬಿಲ್ಡ್ ಮಾಡುತ್ತಾರೆ. ಟ್ಯಾಗ್ ಹಾಕಿದ ಮೇಲೆ ಜನರಿಗೆ ಸಿಗಲು ಕೆಲವು ದಿನ ಹಿಡಿಯುತ್ತದೆ. ಮೇ ಕೊನೆಯೊಳಗೆ ಎಲ್ಲರ ಫೋನಿಗೆ ಬರಬೇಕೆಂದರೆ ಏಪ್ರಿಲ್ 25 ತಡವೇನೂ ಅಲ್ಲ, ಮೇ 25 ಮಾತ್ರ ತಡ.

ಆ್ಯಪ್ ನಿಮ್ಮದೇ ಎಂದು ತೋರಿಸಲು ಡಿಜಿಟಲ್ ಸಹಿ ಮಾಡುವ ಕೀಲಿ ಒಬ್ಬರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರಬಾರದು. ನೀವೇ ಸಹಿ ಮಾಡಿ ಹಂಚುವ ಆ್ಯಪಿನ ಕೀಲಿ ಕಳೆದರೆ ಹಳೆಯ ಆ್ಯಪಿನ ಮೇಲೆ ಹೊಸದನ್ನು ಹಾಕಲು ಬರುವುದಿಲ್ಲ. ತೆಗೆದು ಮತ್ತೆ ಹಾಕಬೇಕು. ಬ್ಯಾಕಪ್ ಇಲ್ಲದವರ ಲೆಕ್ಕವೆಲ್ಲ ಹೋದಂತೆ. ಇಬ್ಬರ ಬಳಿ, ಎರಡು ಊರಲ್ಲಿ ಇಡಿ.

ಭದ್ರತೆಯ ದೋಷಕ್ಕೆ ಈ ಕ್ಯಾಲೆಂಡರ್ ಯಾವುದೂ ಅನ್ವಯಿಸುವುದಿಲ್ಲ. ಅದನ್ನು ಗುಟ್ಟಾಗಿ ತಿಳಿಸಲು ಒಂದು ದಾರಿಯನ್ನು ರೀಡ್‌ಮಿಯಲ್ಲಿ ಬರೆಯಿರಿ, ತಿದ್ದಿದ ತಕ್ಷಣ ಬಿಡಿ.

ಹೆಜ್ಜೆ 10: ದಿನಾಂಕ ಜಾರಿದಾಗ

ಜಾರುತ್ತದೆ. ಉಬುಂಟುವಿನ 6.04 ಎಂದಾಗಬೇಕಿದ್ದ ಆವೃತ್ತಿ 2006ರ ಜೂನ್ 1ಕ್ಕೆ ಬಂದು 6.06 ಆಯಿತು. ತಡವಾದದ್ದು ಹೆಸರಲ್ಲೇ ಉಳಿದಿದೆ, ಯಾರೂ ಮುಚ್ಚಿಡಲಿಲ್ಲ.

ಇನ್ನೂ ಚೆಂದದ ಉದಾಹರಣೆ ಪೈಥಾನ್ 3.13. ಅದು 2024ರ ಅಕ್ಟೋಬರ್ 1ಕ್ಕೆ ಬರಬೇಕಿತ್ತು. ಮೆಮೊರಿ ಸ್ವಚ್ಛ ಮಾಡುವ ಹೊಸ ವಿಧಾನವೊಂದು ಕೆಲವು ಕಡೆ ಪ್ರೋಗ್ರಾಮನ್ನು ನಿಧಾನ ಮಾಡುತ್ತಿರುವುದು ಕೊನೆಗೆ ಗೊತ್ತಾಯಿತು. ಅದನ್ನು ಸರಿ ಮಾಡುತ್ತ ಕೂರಲಿಲ್ಲ. ಆ ಭಾಗವನ್ನೇ ಹೊರತೆಗೆದು, ಅಕ್ಟೋಬರ್ 1ರಂದು ಇನ್ನೊಂದು ಆರ್‌ಸಿ ಬಿಟ್ಟು, ಅಕ್ಟೋಬರ್ 7ಕ್ಕೆ ಅಂತಿಮ ಆವೃತ್ತಿ ಕೊಟ್ಟರು. ಜಾರಿದ್ದು ಒಂದು ವಾರಕ್ಕೂ ಕಡಿಮೆ.

ಹಾಗೆ ಹೊರತೆಗೆಯಲು ಆಗಬೇಕಾದರೆ ಪ್ರತಿ ದೊಡ್ಡ ಕೆಲಸವೂ ಬೇರೆ ಬ್ರಾಂಚ್‌ನಲ್ಲೋ (ಕೋಡಿನ ಬೇರೆ ಕವಲು) ಆರಿಸಬಹುದಾದ ಒಂದು ಸ್ವಿಚ್‌ನ ಹಿಂದೆಯೋ ಇರಬೇಕು. ಇದನ್ನು ಕೋಡ್ ಬರೆಯುವ ಮೊದಲೇ ಯೋಚಿಸಿ.

ಜಾರಿದರೆ ರೋಡ್‌ಮ್ಯಾಪ್‌ನಲ್ಲಿ ಹಳೆಯ ದಿನಾಂಕವನ್ನು ಅಳಿಸದೆ ಅದರ ಮುಂದೆ ಹೊಸದನ್ನು, ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ಎರಡು ವಾರಕ್ಕಿಂತ ಜಾಸ್ತಿ ಜಾರುವಂತಿದ್ದರೆ ‘ಖಚಿತ’ದಿಂದ ಒಂದನ್ನು ಕಿತ್ತುಹಾಕಿ. ಮಳೆ ಬಂದ ಮೇಲೆ ಮದ್ದಿನ ಲೆಕ್ಕ ಕೊಡುವ ಪರಿಸ್ಥಿತಿ ಬಂದರೆ, ಆ ಭಾಗವನ್ನು ಮಾತ್ರ ಉಳಿಸಿ ಬಾಕಿ ಎಲ್ಲವನ್ನೂ ಸೆಪ್ಟೆಂಬರಿಗೆ ದೂಡಿ.

ಹೆಜ್ಜೆ 11: ಮರುವಾರ

ರಿಲೀಸ್ ಆದ ಮುಂದಿನ ವಾರ ಒಂದು ಗಂಟೆ ಎಲ್ಲರೂ ಕೂತು ಮಾತಾಡಿ. ಯಾವ ಫ್ರೀಜ್ ಮುರಿಯಿತು, ಯಾಕೆ? ಹೇಳಿದ ಗಂಟೆಗಳಲ್ಲಿ ನಿಜಕ್ಕೂ ಸಿಕ್ಕಿದ್ದು ಎಷ್ಟು? ಆ ಲೆಕ್ಕವನ್ನೂ ಬರೆದಿಡಿ. ಮೊದಲ ಹೆಜ್ಜೆಯಲ್ಲಿ ‘ಅರ್ಧ ಮಾಡಿ’ ಎಂದಿದ್ದೆನಲ್ಲ, ನಾಲ್ಕು ರಿಲೀಸ್ ಆಗುವಷ್ಟರಲ್ಲಿ ಆ ಅರ್ಧದ ಜಾಗಕ್ಕೆ ನಿಮ್ಮದೇ ತಂಡದ ನಿಜವಾದ ಅಳತೆ ಸಿಗುತ್ತದೆ.

ಆಮೇಲೆ ಚೇಂಜ್‌ಲಾಗ್‌ನಲ್ಲಿ ಖಾಲಿ ‘ಇನ್ನೂ ಬಿಡದ್ದು’ ಭಾಗ ತೆರೆಯಿರಿ. 2.3ರ ಮೈಲ್‌ಸ್ಟೋನ್ ಮುಚ್ಚಿ, ಅದರಲ್ಲಿ ಉಳಿದ ಇಶ್ಯೂಗಳನ್ನು ಒಂದೊಂದಾಗಿ ನೋಡಿ. ಒಟ್ಟಿಗೆ ಎಲ್ಲವನ್ನೂ 2.4ಕ್ಕೆ ಎಳೆಯುವ ಗುಂಡಿ ಒತ್ತಬೇಡಿ, ಆ ಸೋಮಾರಿತನದಿಂದಲೇ ಪಟ್ಟಿಗಳು ಉದ್ದವಾಗುವುದು. ‘ಆದರೆ ಒಳ್ಳೆಯದು’ ಅನ್ನುವಲ್ಲಿ ಎರಡು ರಿಲೀಸ್ ಕೂತರೂ ಯಾರೂ ಮುಟ್ಟದ ಕೆಲಸವಿದ್ದರೆ ಅದನ್ನು ‘ಈ ಸಲ ಇಲ್ಲ’ಕ್ಕೆ ಇಳಿಸಿ. ಕೇಳಿದವರಿಗೆ ಇಶ್ಯೂವಿನಲ್ಲಿ ಎರಡು ಸಾಲು ಉತ್ತರ ಬರೆದು, ನಂತರ ರೋಡ್‌ಮ್ಯಾಪ್‌ನ ಮೊದಲ ಸಾಲಿನ ದಿನಾಂಕ ಬದಲಿಸಿ.